ಆದ್ಯಕ್ಷರಗಳ ಸಾಕ್ಷಿ

ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ವಾಚಕ ಮಹಾಶಯರ ಮುಂದಿಡಬೇಕೆಂದು ಬಹುದಿನಗಳಿಂದ ಎಣಿಸುತ್ತಿದ್ದೆವು. ಸಂಗತಿಯೇನೋ ಕಂಪ್ಯೂಟರಿಗೆ ಸಂಬಂಧಿಸಿದ್ದು. ಮುದ್ದೇಬಿಹಾಳ, ಸಿಂದಗಿಗಳ ಶಾಲೆಗಳಲ್ಲಿ ಮೂರು ದಶಕಕ್ಕೂ ಮಿಕ್ಕು ಸಂಸ್ಕೃತ ಕನ್ನಡಗಳನ್ನು ಕಲಿಸಿ, ನಿವೃತ್ತರಾಗಿ ಬಸವನ ಬಾಗೇವಾಡಿಯಲ್ಲಿ ನೆಲೆನಿಂತ ನಮಗೆ ಆ ಯಂತ್ರದ ಪರಿಚಯವು ಪೆನ್ಶನ್ನಿನ ಕಾಗದಪತ್ರಗಳ ಮಟ್ಟಿಗೆ ಮಾತ್ರ ಇದ್ದಿತು. ಆದರೆ ಈ ಸಂಗತಿಯು ಯಂತ್ರದಲ್ಲಿ ಆರಂಭವಾಗಿ ನಮ್ಮ ತಾಯಿಯವರಲ್ಲಿ ಬಂದು ಮುಟ್ಟಿತು. ಆದುದರಿಂದ ಗೃಹಸ್ಥರಾದ ವಾಚಕರಿಗೆ ಇದು ಸಲ್ಲುವದೆಂದು ನಂಬಿದ್ದೇವೆ.

ನಮ್ಮ ಹಿರಿಯರ ಮನೆಯು ಇಂಡಿ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಯ ಒಂದು ಹಳ್ಳಿಯಲ್ಲಿತ್ತು. ನಮ್ಮ ತಂದೆಯವರು ಅಮರಕೋಶವನ್ನು ಬಾಯಿಪಾಠವಾಗಿ ಬಲ್ಲವರು. ಅದರ ಎರಡನೆಯ ಕಾಂಡದಲ್ಲಿ ಬೇಸಾಯ, ಅಡಿಗೆ, ಅಂಗಡಿಗಳ ಶಬ್ದಗಳು ಬರುವ ವೈಶ್ಯವರ್ಗಕ್ಕೆ ಅವರು ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದರು. ಆ ವಹಿಯು ನಾಲ್ವತ್ತು ಪುಟಗಳದು. ಪ್ರತಿ ಪುಟದ ನೆತ್ತಿಯ ಮೇಲೆ ಮಸಿಯಿಂದ ಒಂದು ಶ್ರೀಕಾರ. ಅದರ ಕೆಳಗೆ ಎಡಕ್ಕೆ ಸಂಸ್ಕೃತಪದ, ನಡುವೆ ಅರ್ಥ, ಬಲಕ್ಕೆ ಅಗಲವಾಗಿ ಬಿಟ್ಟ ಬರಿದಾದ ಅಂಚು. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು.

ತಾಯಿಯವರೂ ಹೋದ ಬಳಿಕ, 2014ರಲ್ಲಿ, ಆ ವಹಿಯನ್ನು ನಾವು ಪೇಟೆಯ ಒಂದು ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿಸಿದೆವು. ಅಲ್ಲಿಯ ಹುಡುಗನು ಮೊದಲನೆಯ ದಿನ ಇಪ್ಪತ್ತಾರು ಪುಟಗಳನ್ನು ಮುಗಿಸಿದನು. ಒಂದೊಂದು ಪುಟವೂ ಎರಡು ಮೂರು ಎಂಬಿ ತೂಗುತ್ತಿತ್ತು. ಮುದ್ದೇಬಿಹಾಳದಲ್ಲಿರುವ ನಮ್ಮ ತಂಗಿಗೆ ಕಳಿಸಹೋದರೆ ಅವು ಬೇಗ ಹೋಗಲೊಲ್ಲವು. ಮರುದಿನ ನಾವು ಅಂಗಡಿಗೆ ಹೋಗಿ, ಇಷ್ಟು ಭಾರವಾದವುಗಳನ್ನು ಮಾಡಿ ಏನು ಪ್ರಯೋಜನವೆಂದು ಆಕ್ಷೇಪಿಸಿದೆವು. “ಸರ, ಬರವಣಿಗಿ ಚೊಲೊ ಉಳೀಲಿ ಅಂತ ಮಾಡೀನಿ” ಎಂದು ಅವನು ಅಂದನು. ನಾವು ಕೇಳಲಿಲ್ಲ. ಮಾಸ್ತರರ ಮಾತಿಗೆ ಎದುರಾಡಬಾರದೆಂದು ಅವನು ಉಳಿದ ಹದಿನಾಲ್ಕು ಪುಟಗಳನ್ನು ನಮ್ಮ ಹೇಳಿಕೆಯಂತೆ ಸಣ್ಣವಾಗಿ ಮಾಡಿಕೊಟ್ಟನು. ಅವು ನೂರು ಕೆಬಿಗೂ ಕಡಿಮೆ. ನಮಗೆ ಬಹಳ ಸಮಾಧಾನವಾಯಿತು.

2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಇಂಡಿ, ಸಿಂದಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಲ್ಲಿ ನುಗ್ಗಿದುದು ವಾಚಕರಿಗೆ ನೆನಪಿರಬಹುದು. ನೀರು ಇಳಿದ ಮೇಲೆ ನಾವು ಹೋಗಿ ಟ್ರಂಕನ್ನು ತೆರೆದು ನೋಡಲಾಗಿ, ವಹಿಯು ಎರೆಮಣ್ಣಿನ ಒಂದು ಮುದ್ದೆಯಾಗಿತ್ತು. ಪುಟ ಬಿಡಿಸಲು ಬರುವಂತಿರಲಿಲ್ಲ. ಅಂದಿನಿಂದ ಆ ನಾಲ್ವತ್ತು ಪುಟಗಳು ಇದ್ದುದು ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವಿನಲ್ಲಿ ಮಾತ್ರ. ತಂಗಿಗೆ ಕಳಿಸಿದವುಗಳು ಅವಳ ಹಳೆಯ ಫೋನಿನೊಡನೆಯೇ ಹೋಗಿದ್ದವು.

ಇನ್ನು ಕಳೆದ ಬೇಸಗೆಯ ಮಾತು. ಪೆನ್ಶನ್ನಿನದೊಂದು ಕಾಗದವನ್ನು ಅದೇ ಪೆನ್‌ಡ್ರೈವಿಗೆ ಹಾಕಿಕೊಂಡು, ಕೆಲಸ ಮುಗಿಯಿತೆಂದು ತಿಳಿದು, ಯಂತ್ರವು ಇನ್ನೂ ಬರೆಯುತ್ತಿರುವಾಗಲೇ ನಾವು ಅದನ್ನು ಕಿತ್ತುಬಿಟ್ಟೆವು. ಮರುದಿನ ಚುಚ್ಚಿದರೆ, ದೋಷವಿದೆ, ಸರಿಪಡಿಸಲೇ ಎಂದು ಯಂತ್ರವು ಕೇಳಿತು, ಹೂಂ ಅಂದೆವು. ಸರಿಪಡಿಸಿದ ಮೇಲೆ ನೋಡಿದರೆ ಒಳಗೆ ಏನೂ ಇಲ್ಲ! ತಂದೆಯವರ ವಹಿಯು ಎರಡನೆಯ ಸಲ ಮುಳುಗಿತೆಂದು ತಿಳಿದು ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಮೊದಲನೆಯ ಸಲ ಮುಳುಗಿಸಿದುದು ನದಿ. ಎರಡನೆಯ ಸಲ ನಮ್ಮ ಕೈ.

ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗಳು ರಜೆಗೆ ಬಂದಿದ್ದಳು. ಅವಳು ಪೆನ್‌ಡ್ರೈವನ್ನು ಪರೀಕ್ಷಿಸಿ, ಯಂತ್ರವು ಮರೆಯಲ್ಲಿಟ್ಟಿದ್ದ ಒಂದು ಸಂಪುಟವನ್ನು ತೆರೆದು ತೋರಿಸಿದಳು. ಅದರಲ್ಲಿ ನಾಲ್ವತ್ತೊಂದು ಫೈಲುಗಳಿದ್ದವು. ಆದರೆ ಒಂದಕ್ಕೂ ನಾವಿಟ್ಟ ಹೆಸರಿಲ್ಲ. ‘ಫೈಲ್0000’, ‘ಫೈಲ್0001’ ಎಂದು ಎಣಿಕೆ. ಎಲ್ಲದರ ಕೊನೆಗೂ ‘ಸಿಎಚ್‌ಕೆ’ ಎಂಬ ಒಂದೇ ಬಾಲ. ಯಾವುದನ್ನು ಒತ್ತಿದರೂ ತೆರೆಯದು. ನಾವು ನಿಟ್ಟುಸಿರುಬಿಟ್ಟುದನ್ನು ಕಂಡು ಅವಳು ನಕ್ಕು, “ಮಾಮಾ, ಹೆಸರು ಹೋಗ್ಯಾವ, ಫೈಲು ಹೋಗಿಲ್ಲ. ಒಳಗಿಂದು ಓದಿ ನೋಡೂಣು” ಅಂದಳು.

ಈ ಮಾತನ್ನು ತುಸು ಬಿಡಿಸಿ ಹೇಳಬೇಕು. ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆಯೂ ಅದರ ಮುಂದೆ ಮೂರು ನಾಲ್ಕು ಅಕ್ಷರಗಳೂ ಇರುವವಷ್ಟೆ. ವೈಯಾಕರಣರ ಮಾತಿನಲ್ಲಿ ಹೇಳುವದಾದರೆ ಅದೊಂದು ಪ್ರತ್ಯಯ. ‘ಜೆಪಿಜಿ’ ಎಂದಿದ್ದರೆ ಒಂದು ಬಗೆಯ ಚಿತ್ರ, ‘ಪಿಎನ್‌ಜಿ’ ಎಂದಿದ್ದರೆ ಇನ್ನೊಂದು ಬಗೆಯದು, ‘ಪಿಡಿಎಫ್’ ಎಂದಿದ್ದರೆ ಕಾಗದಪತ್ರ. ಮನೆಯ ಕಂಪ್ಯೂಟರವು ಬಹುಮಟ್ಟಿಗೆ ಈ ಪ್ರತ್ಯಯವನ್ನು ನೋಡಿಯೇ ಯಾವ ಫೈಲನ್ನು ಯಾವುದರಿಂದ ತೆರೆಯಬೇಕೆಂಬದನ್ನು ನಿರ್ಣಯಿಸುತ್ತದೆ. ಆದರೆ ಪ್ರತ್ಯಯವು ಹೊರಗಿನ ಚೀಟಿ. ಅದನ್ನು ಯಾರೂ ಕೀಳಬಹುದು, ಯಾರೂ ಬದಲಾಯಿಸಬಹುದು. ಬೆಲ್ಲದ ಡಬ್ಬಿಗೆ ಉಪ್ಪೆಂದು ಚೀಟಿ ಅಂಟಿಸಿದರೆ ಬೆಲ್ಲವು ಉಪ್ಪಾಗದು. ಚೀಟಿ ಹರಿದುಹೋದರೆ ಬೆಲ್ಲವು ಇಲ್ಲವಾಗದು.

ನಮ್ಮ ಸೀಮೆಯಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವುಂಟು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಒಂದು ಶಾಸನಸ್ತಂಭವಿದೆ. ಶಕ 867ರಲ್ಲಿ, ಅಂದರೆ ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನೆಂದೂ ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿದ್ದರೆಂದೂ ಅದು ಹೇಳುತ್ತದೆ. ಆ ಶಾಸನದಲ್ಲಿ ಊರಿನ ಹೆಸರು ಸಾಲೋಟಗಿಯಲ್ಲ, ಪಾವಿಟ್ಟಗೆ. ಶಾಲೆಯಿಂದಲೇ ಸಾಲೋಟಗಿಯೆಂಬ ಇಂದಿನ ಹೆಸರು ಬಂದಿತೆಂದು ಪಂಡಿತರು ಊಹಿಸಿದ್ದಾರೆ. ಊರ ಹೊರಗಿನ ಹಲಗೆಯನ್ನಷ್ಟೇ ಓದುವವನಿಗೆ ಪಾವಿಟ್ಟಗೆಯು ಎಲ್ಲಿಯೂ ಸಿಕ್ಕದು. ಒಳಗೆ ಹೋಗಿ ಕಲ್ಲನ್ನು ಓದುವವನಿಗೆ ಸಿಕ್ಕುತ್ತದೆ. ನಮ್ಮ ಜಿಲ್ಲೆಯೇ 2014ರ ನವೆಂಬರ 1ರಂದು ಬಿಜಾಪುರ ಹೋಗಿ ವಿಜಯಪುರವಾಯಿತು. ಎರೆಭೂಮಿ ಮಾತ್ರ ಅದೇ ಇದೆ.

ತಂಗಿಯ ಮಗಳು ಮೊದಲನೆಯ ಫೈಲನ್ನು ಚಿತ್ರವಾಗಿ ತೆರೆಯದೆ, ಅದರೊಳಗಿನ ಅಂಕಿಗಳನ್ನು ಇದ್ದ ಹಾಗೆಯೇ ತೋರಿಸುವ ಒಂದು ಸಣ್ಣ ಸಾಧನದಲ್ಲಿ ತೆರೆದಳು. ಚಿತ್ರವಾಗಲಿ ಹಾಡಾಗಲಿ ಪತ್ರವಾಗಲಿ, ಯಂತ್ರಕ್ಕೆ ಎಲ್ಲವೂ ಅಂಕಿಗಳ ಸಾಲು. ಒಂದೊಂದು ಅಂಕಿಗೆ ಬೈಟೆಂದು ಹೆಸರು; ಅದರ ಬೆಲೆ 0ಯಿಂದ 255ರ ವರೆಗೆ. ನಮ್ಮಲ್ಲಿ ಕಟಪಯಾದಿ ಪದ್ಧತಿಯಂತೆ ಅಕ್ಷರದಿಂದ ಅಂಕಿಯನ್ನು ತಿಳಿಯುತ್ತೇವೆ. ಇಲ್ಲಿ ಅಂಕಿಯಿಂದ ಅಕ್ಷರವನ್ನು ತಿಳಿಯತಕ್ಕುದು. ಮೊದಲಿನ ಎಂಟು ಬೈಟುಗಳನ್ನು ಅವಳು ಓದಿದಳು. ನಾವು ಕಾಗದದ ಮೇಲೆ ಬರೆದುಕೊಂಡೆವು: 137, 80, 78, 71, 13, 10, 26, 10.

“ಪಿಎನ್‌ಜಿ ಐತಿ ಮಾಮಾ! ಇದರ ಮುದ್ರೀನ ಇದು” ಎಂದು ಅವಳು ಕೂಗಿದಳು. ಜಗತ್ತಿನ ಪ್ರತಿಯೊಂದು ಪಿಎನ್‌ಜಿ ಚಿತ್ರವೂ, ಯಾರೇ ಎಲ್ಲಿಯೇ ಮಾಡಿರಲಿ, ಈ ಎಂಟು ಅಂಕಿಗಳಿಂದಲೇ, ಇದೇ ಕ್ರಮದಲ್ಲಿಯೇ ಆರಂಭವಾಗಬೇಕು. ಒಂದು ತಪ್ಪಿದರೂ ಅದು ಪಿಎನ್‌ಜಿ ಅಲ್ಲ. ನಮ್ಮ ಶಾಸನಗಳು ಸಾಮಾನ್ಯವಾಗಿ ‘ಸ್ವಸ್ತಿ’ ಎಂಬ ಮಂಗಳಶಬ್ದದಿಂದಲೂ ಮನೆಯ ಜಮಾಖರ್ಚು ‘ಶ್ರೀ’ ಎಂಬದರಿಂದಲೂ ತೊಡಗುವ ಹಾಗೆ ಇದು. ಆದರೆ ನಮಗೆ ಹೆಚ್ಚು ಆಶ್ಚರ್ಯವೆನಿಸಿದ್ದು, ಈ ಎಂಟರಲ್ಲಿ ಒಂದಾದರೂ ವ್ಯರ್ಥಾಕ್ಷರವಿಲ್ಲವೆಂಬದು. ಸೂತ್ರಕಾರರು ಮೆಚ್ಚುವಂಥ ಲಾಘವವು ಅದರಲ್ಲಿದೆ. ಅವಳು ವಿವರಿಸಿದಂತೆ ಬರೆಯುತ್ತೇವೆ.

80, 78, 71 ಎಂಬವು ಪಿ, ಎನ್, ಜಿ ಎಂಬ ಅಕ್ಷರಗಳು. ಮನುಷ್ಯನ ಕಣ್ಣಿಗೆ ಗುರುತಾಗಲೆಂದು ಇಟ್ಟವು. ಅವುಗಳ ಹಿಂದಿನ 137 ಒಂದು ಕಾವಲುಗಾರ. ಹಳೆಯ ಕೆಲವು ಸಾಗಣೆಯ ಮಾರ್ಗಗಳು 127ರ ವರೆಗಿನ ಅಂಕಿಗಳನ್ನಷ್ಟೇ ಬಲ್ಲವು. ಅದಕ್ಕೂ ದೊಡ್ಡದು ಬಂದರೆ ಅದರಿಂದ 128ನ್ನು ಕಿತ್ತುಹಾಕುತ್ತಿದ್ದವು. ಹಾಗೆ ಆದರೆ 137 ಹೋಗಿ 9 ಉಳಿಯುತ್ತದೆ. ಮೊದಲನೆಯ ಹೆಜ್ಜೆಯಲ್ಲಿಯೇ ಕೇಡು ಗೊತ್ತಾಗುತ್ತದೆ. ಮುಂದಿನ 13 ಮತ್ತು 10 ಟೈಪರೈಟರಿನ ಕಾಲದಿಂದ ಬಂದವು. ಗಾಡಿಯನ್ನು ಸಾಲಿನ ಆರಂಭಕ್ಕೆ ತರುವದು ಒಂದು, ಕಾಗದವನ್ನು ಒಂದು ಸಾಲು ಏರಿಸುವದು ಇನ್ನೊಂದು. ಸಾಲು ಮುಗಿದುದನ್ನು ಕೆಲವು ಕಂಪ್ಯೂಟರಗಳು ಎರಡೂ ಅಂಕಿಗಳಿಂದಲೂ ಕೆಲವು 10 ಒಂದರಿಂದಲೇ ಸೂಚಿಸುವವು. ಚಿತ್ರವನ್ನು ಬರಿಯ ಬರಹವೆಂದು ತಪ್ಪಾಗಿ ಭಾವಿಸಿ ಸಾಗಿಸಿದರೆ ದಾರಿಯಲ್ಲಿ ಎರಡು ಒಂದಾಗುವದುಂಟು, ಒಂದು ಎರಡಾಗುವದೂ ಉಂಟು. ಮೊದಲನೆಯ ಕೇಡನ್ನು 13, 10ರ ಜೋಡಿಯು ಹಿಡಿಯುತ್ತದೆ. ಎರಡನೆಯದನ್ನು ಕಟ್ಟಕಡೆಯ ಒಂಟಿ 10 ಹಿಡಿಯುತ್ತದೆ. ನಡುವಿನ 26 ಎಂಬದು ಹಳೆಯ ಡಾಸ್ ಪದ್ಧತಿಯಲ್ಲಿ ‘ಬರಹ ಮುಗಿಯಿತು’ ಎಂಬ ಗುರುತು. ಯಾರಾದರೂ ಚಿತ್ರವನ್ನು ಬರಹದಂತೆ ತೆರೆಯಲೆಳಸಿದರೆ, ಕಸದಂಥ ಅಕ್ಷರಗಳು ಪರದೆಯ ತುಂಬ ಹರಿಯದಂತೆ ಅಲ್ಲಿಯೇ ನಿಲ್ಲಿಸುತ್ತಿತ್ತು.

ಹೀಗೆ ಈ ಮುದ್ರೆಯು ‘ನಾನು ಇಂಥವನು’ ಎಂದು ಹೇಳುವದಷ್ಟೇ ಅಲ್ಲ, ‘ದಾರಿಯಲ್ಲಿ ಈ ಬಗೆಯ ಪೆಟ್ಟು ತಿನ್ನದೆ ಬಂದಿದ್ದೇನೆ’ ಎಂದೂ ಹೇಳುತ್ತದೆ. ಅದರ ಮುಂದಣ ಭಾಗದಲ್ಲಿ ಚಿತ್ರದ ಅಗಲ ಎತ್ತರಗಳಿವೆ. ನಮ್ಮ ಫೈಲಿನಲ್ಲಿ ಅಗಲದ ಜಾಗದಲ್ಲಿ 0, 0, 6, 212 ಎಂದಿತ್ತು. ನಾವು ಹತ್ತರ ಸ್ಥಾನ, ನೂರರ ಸ್ಥಾನ ಎನ್ನುವಂತೆ ಇಲ್ಲಿ 256ರ ಸ್ಥಾನ: 6ನ್ನು 256ರಿಂದ ಗುಣಿಸಿ 212ನ್ನು ಕೂಡಿಸಿದರೆ 1748 ಚುಕ್ಕೆಗಳು. ಚಿತ್ರವು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಅಗಲವನ್ನು ನಾವು ಪೆನ್ಸಿಲಿನಿಂದ ಗುಣಾಕಾರ ಮಾಡಿ ಆಗಲೇ ತಿಳಿದುಕೊಂಡಿದ್ದೆವು. ಈ ಪ್ರಾಯದಲ್ಲಿ ಅಂಥ ಸಂತೋಷವು ಅಪರೂಪ.

ಈ ಪದ್ಧತಿಯ ಹುಟ್ಟಿನ ಕಥೆಯೂ ಕೇಳತಕ್ಕದ್ದೇ. ಅಮೇರಿಕೆಯ ಕಂಪ್ಯುಸರ್ವ್ ಎಂಬ ಸಂಸ್ಥೆಯು 1987ರಲ್ಲಿ ಜಿಫ್ ಎಂಬ ಚಿತ್ರಪದ್ಧತಿಯನ್ನು ಹೊರತಂದಿತು. ಅದು ಲೋಕದಲ್ಲೆಲ್ಲ ಹರಡಿತು. ಆದರೆ ಅದರಲ್ಲಿ ಬಳಸಿದ ಸಂಕೋಚನದ ಯುಕ್ತಿಗೆ ಯೂನಿಸಿಸ್ ಎಂಬ ಇನ್ನೊಂದು ಸಂಸ್ಥೆಯ ಪೇಟೆಂಟು ಇದ್ದಿತು. 1994ರ ಡಿಸೆಂಬರದ ಕೊನೆಯಲ್ಲಿ, ಅದನ್ನು ಬಳಸುವ ತಂತ್ರಾಂಶಗಳವರು ಇನ್ನು ಹಣ ಕೊಡಬೇಕೆಂದು ಪ್ರಕಟನೆಯಾಯಿತು. ಕೂಡಲೇ 1995ರ ಜನೇವರಿಯಲ್ಲಿ ಥಾಮಸ್ ಬೌಟೆಲ್ ಎಂಬವರು ಯಾರ ಅಪ್ಪಣೆಯೂ ಬೇಡದ ಹೊಸ ಪದ್ಧತಿಯೊಂದರ ಕರಡನ್ನು ಮುಂದಿಟ್ಟರು. ಬೇರೆ ಬೇರೆ ಕಡೆಯ ತಿಳಿದವರು ಕೂಡಿ ಅದನ್ನು ತಿದ್ದಿದರು. 1996ರ ಅಕ್ಟೋಬರ 1ರಂದು ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಮ್ ಅದಕ್ಕೆ ಮನ್ನಣೆಯಿತ್ತಿತು. ಹಣಕ್ಕಾಗಿ ಬೇಲಿ ಬಿದ್ದಾಗ ನಾಲ್ಕು ಜನ ಕೂಡಿ ಊರಿಗೆ ಬೇರೆ ಬಾವಿ ತೋಡಿದ ಹಾಗೆ ಆಯಿತು.

ಉಳಿದ ಫೈಲುಗಳನ್ನೂ ಒಂದೊಂದಾಗಿ ತೆರೆದೆವು. ಜೆಪೆಗ್ ಎಂಬ ಬಗೆಯವು 255, 216 ಎಂದು ಆರಂಭವಾಗುತ್ತವೆ. ಜಿಫ್ ತನ್ನ ಹೆಸರಿನ ಮೂರಕ್ಷರಗಳನ್ನೂ ಅದರ ಮುಂದೆ 87 ಇಲ್ಲವೆ 89 ಎಂಬ ಆವೃತ್ತಿಯನ್ನೂ ಇಟ್ಟುಕೊಂಡಿರುತ್ತದೆ. ಪಿಡಿಎಫ್ ಶೇಕಡಾ ಚಿಹ್ನೆಯಿಂದ ತೊಡಗುತ್ತದೆ. ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು: ನಾಲ್ವತ್ತೊಂದರಲ್ಲಿ ಇಪ್ಪತ್ತೇಳು ಪಿಎನ್‌ಜಿ, ಹದಿಮೂರು ಜೆಪೆಗ್, ಒಂದು ಪಿಡಿಎಫ್. ಆ ಒಂದು ನಮ್ಮ ಪೆನ್ಶನ್ನಿನ ಕಾಗದ. ಇಷ್ಟೆಲ್ಲ ಅನರ್ಥಕ್ಕೆ ಕಾರಣವಾದದ್ದು ಅಚ್ಚುಕಟ್ಟಾಗಿ ಉಳಿದಿತ್ತು. ಉಳಿದ ನಾಲ್ವತ್ತು ತಂದೆಯವರ ಪುಟಗಳೇ. ಅವಳು ಪ್ರತಿಯೊಂದಕ್ಕೆ ಅದರ ಮುದ್ರೆಗೆ ತಕ್ಕ ಪ್ರತ್ಯಯವನ್ನು ಹಚ್ಚಿದೊಡನೆ ಅವು ತೆರೆದುಕೊಂಡವು.

ಆಗ ನಮಗೆ ಫ. ಗು. ಹಳಕಟ್ಟಿಯವರ ನೆನಪಾಯಿತು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಯ ಜಗುಲಿಗಳ ಮೇಲಿದ್ದ ತಾಳೆಗರಿಯ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಗರಿಗಳಲ್ಲಿ ಅನೇಕರ ವಚನಗಳು ಒತ್ತಾಗಿ ಬರೆಯಲ್ಪಟ್ಟಿರುತ್ತವೆ. ಯಾರದು ಯಾವುದೆಂದು ತಿಳಿಯುವದು ಹೇಗೆ? ಒಳಗಿನ ಅಂಕಿತದಿಂದ. ಕೂಡಲಸಂಗಮದೇವನೆಂದಿದ್ದರೆ ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರದು, ಗುಹೇಶ್ವರನೆಂದಿದ್ದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನನೆಂದಿದ್ದರೆ ಅಕ್ಕಮಹಾದೇವಿಯದು. ಕಟ್ಟಿನ ಮೇಲಿನ ಹೆಸರು ಅಳಿದರೂ ವಚನವು ತನ್ನೊಳಗೆ ತನ್ನ ಒಡೆಯನ ಗುರುತನ್ನು ಹೊತ್ತಿರುತ್ತದೆ. ವಚನದಲ್ಲಿ ಅಂಕಿತವು ಸಾಮಾನ್ಯವಾಗಿ ಕೊನೆಗೆ, ಫೈಲಿನಲ್ಲಿ ಮೊದಲಿಗೆ, ಭೇದವಿಷ್ಟೆ.

ಇಲ್ಲಿಗೆ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಮರುದಿನ ಮುಂಜಾನೆ ತಂಗಿಯ ಮಗಳು ಒಂದು ಪುಟವನ್ನು ದೊಡ್ಡದು ಮಾಡಿ ನೋಡುತ್ತಿದ್ದವಳು, “ಮಾಮಾ, ಅಂಚಿನಾಗ ಇದ್ಯಾರು ಬರದಾರ?” ಎಂದು ಕೇಳಿದಳು. ಬರಿದಾಗಿದೆಯೆಂದು ನಾವು ತಿಳಿದಿದ್ದ ಬಲ ಅಂಚಿನಲ್ಲಿ, ಕಾಗದದ ಬಣ್ಣಕ್ಕಿಂತ ಕೂದಲೆಳೆಯಷ್ಟು ಕಪ್ಪಾಗಿ, ಪೆನ್ಸಿಲಿನ ಅಕ್ಷರಗಳಿದ್ದವು. ಮೇಲೊಂದು ಸಣ್ಣ ಶ್ರೀಕಾರ; ಅದರ ಬುಡದ ಕೊಂಡಿಯು ತಂದೆಯವರದರಂತೆ ಹೊರಕ್ಕೆ ಹೋಗದೆ ಒಳಕ್ಕೆ ಸುರುಳಿಯಾಗಿತ್ತು. ಪಿಷ್ಟಪಚನವೆಂಬ ಪದಕ್ಕೆ ತಂದೆಯವರು ‘ಹಿಟ್ಟನ್ನು ಬೇಯಿಸುವ ಪಾತ್ರೆ’ ಎಂದು ಬರೆದಿದ್ದರು. ಅದರೆದುರಿಗೆ ಪೆನ್ಸಿಲಿನಲ್ಲಿ ‘ರೊಟ್ಟಿ ಹಂಚು’. ಶೂರ್ಪದ ಎದುರಿಗೆ ‘ಮರ’. ಇನ್ನೊಂದು ಪುಟದಲ್ಲಿ ಮೇಧಿಯೆಂಬದಕ್ಕೆ ತಂದೆಯವರು ‘ಕಣದಲ್ಲಿ ಎತ್ತು ಕಟ್ಟುವ ಕಂಬ’ ಎಂದು ನಾಲ್ಕು ಮಾತಿನಲ್ಲಿ ಹೇಳಿದ್ದುದಕ್ಕೆ ಪೆನ್ಸಿಲು ಒಂದೇ ಮಾತಿನಲ್ಲಿ ‘ಮೇಟಿ’ ಎಂದಿತ್ತು.

ನಮ್ಮ ತಾಯಿಯವರಿಗೆ ಸಹಿ ಮಾಡುವಷ್ಟು ಮಾತ್ರ ಬರುತ್ತಿತ್ತೆಂದು ನಾವು ಅರುವತ್ತು ವರ್ಷ ತಿಳಿದಿದ್ದೆವು. ಆ ಪುಟಗಳನ್ನು ತಂಗಿಗೆ ತೋರಿಸಿದೆವು. ಅವಳು ಮಾತಾಡದೆ ಒಳಗೆ ಹೋಗಿ, ತನ್ನ ಡಬ್ಬಿಯಲ್ಲಿ ಕಾದಿಟ್ಟಿದ್ದ ಒಂದು ಹಳೆಯ ಕಿರಾಣಿ ಚೀಟಿಯನ್ನು ತಂದಿಟ್ಟಳು. ತಾಯಿಯವರು ಅವಳಿಗೆ ಮಾತ್ರ ಬರೆದುಕೊಟ್ಟದ್ದು: ಬೆಲ್ಲ, ಜೋಳ, ದೀಪದೆಣ್ಣೆ. ನೆತ್ತಿಯ ಮೇಲೆ ಅದೇ ಒಳಸುರುಳಿಯ ಶ್ರೀಕಾರ. “ಅಣ್ಣಾ, ಇದು ಅವ್ವನ ಶ್ರೀ” ಅಂದಳು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ನಮಗೆ, ನಮ್ಮ ಮನೆಯ ಒಲೆಯ ಮುಂದೆ ಕುಳಿತು ಅಮರಕೋಶಕ್ಕೆ ಅರ್ಥ ಬರೆಯುತ್ತಿದ್ದವರ ಅಕ್ಷರವು ತಿಳಿದಿರಲಿಲ್ಲ. ಆ ಅಡಿಗೆಮನೆಗೆ ಹೋಗಿ ನಾವು ಎಂದೂ ಕೇಳಿರಲಿಲ್ಲ.

ಈಗ ಆ ಎರಡು ಬಗೆಯ ಮುದ್ರೆಗಳ ಭೇದವು ನಮಗೆ ನಿಜವಾಗಿ ತಿಳಿಯಿತು. ಪಿಎನ್‌ಜಿಯು ಲೋಪವಿಲ್ಲದೆ ಸಂಕೋಚಿಸುತ್ತದೆ. ಪಾಣಿನಿಯು ಸ್ವರಗಳನ್ನೆಲ್ಲ ‘ಅಚ್’ ಎಂಬ ಒಂದು ಪ್ರತ್ಯಾಹಾರದಲ್ಲಿ ಅಡಗಿಸಿದನು. ಬಿಡಿಸಿದರೆ ಒಂದು ಸ್ವರವೂ ಕಳೆದಿರುವದಿಲ್ಲ. ಮುಂದಿನ ಸೂತ್ರಕ್ಕೆ ಬೇಕಾದ ಪದವನ್ನು ಮತ್ತೆ ಹೇಳದೆ ಹಿಂದಿನಿಂದ ಅನುವೃತ್ತಿಯಿಂದ ತರುತ್ತೇವಷ್ಟೆ. ಪಿಎನ್‌ಜಿಯೂ ಹಿಂದೆ ಬಂದ ಅಂಕಿಗಳ ಸಾಲು ಮತ್ತೆ ಬಂದರೆ, ‘ಇಷ್ಟು ಹಿಂದೆ ಹೋಗಿ ಇಷ್ಟನ್ನು ತೆಗೆದುಕೊ’ ಎಂದಷ್ಟೇ ಬರೆಯುತ್ತದೆ. ಹೆಚ್ಚಾಗಿ ಬರುವವುಗಳಿಗೆ ಗಿಡ್ಡ ಸಂಕೇತವನ್ನು ಕೊಡುತ್ತದೆ. ಬಿಡಿಸಿದಾಗ ಚುಕ್ಕೆಗೆ ಚುಕ್ಕೆ ಮೊದಲಿನಂತೆಯೇ. ಜೆಪೆಗ್ ಹಾಗಲ್ಲ. ಅದು ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳನ್ನಾಗಿ ಮಾಡಿ, ಕಣ್ಣು ಸುಲಭವಾಗಿ ಗಮನಿಸದ ಸೂಕ್ಷ್ಮಭೇದಗಳನ್ನು ಬಿಟ್ಟುಬಿಡುತ್ತದೆ. ಸಣ್ಣದು ಮಾಡಿದಷ್ಟೂ ಹೆಚ್ಚು ಬಿಡುತ್ತದೆ. ಮದುವೆಯ ಭಾವಚಿತ್ರಕ್ಕೆ ಅದರಿಂದ ಹಾನಿಯಿಲ್ಲ. ಗಿಡಮರ, ಆಕಾಶ, ಮುಖ ಎಲ್ಲವೂ ಚೆನ್ನಾಗಿಯೇ ಕಾಣುವವು. ಆದರೆ ಕೂದಲೆಳೆಯಷ್ಟು ಕಪ್ಪಾದ ಪೆನ್ಸಿಲಿನ ಗೆರೆಯೇ ಅದು ಮೊದಲು ಬಿಡುವ ಸೂಕ್ಷ್ಮ.

ಜೆಪೆಗ್ ಮುದ್ರೆಯ ಹದಿಮೂರು ಪುಟಗಳನ್ನು ತೆರೆದು ನೋಡಿದೆವು. ತಂದೆಯವರ ಮಸಿಯ ಅಕ್ಷರಗಳು ಓದಲು ಬರುತ್ತವೆ. ಬಲ ಅಂಚಿನಲ್ಲಿ ಬೂದು ಬಣ್ಣದ ಚೌಕಚೌಕವಾದ ಮಸುಕು ಮಾತ್ರ. ತಾಯಿಯವರು ಅಲ್ಲಿ ಬರೆದಿದ್ದರೋ ಇಲ್ಲವೋ ಎಂಬದನ್ನು ಇನ್ನು ಯಾರೂ ಹೇಳಲಾರರು. ನಾವು ಭಾರವೆಂದು ಆಕ್ಷೇಪಿಸಿ ಇಳಿಸಿದ ಭಾರವು ಅದೇ ಆಗಿತ್ತು.

ಹದಿನಾಲ್ಕನೆಯ ಪುಟದ ಮಾತು ಇನ್ನೂ ವಿಚಿತ್ರ. ಅದರಲ್ಲಿ ಎಂಟು ಅಂಕಿಗಳ ಪಿಎನ್‌ಜಿ ಮುದ್ರೆ ಸರಿಯಾಗಿಯೇ ಇದೆ; ಆದರೆ ಪುಟವು ಮಸುಕು. ಆಮೇಲೆ ನೆನಪಾಯಿತು: ಶಾಲೆಯ ಒಂದು ಸ್ಮರಣಸಂಚಿಕೆಗೆ ಆ ಪುಟವನ್ನು ಕೊಡಬೇಕಾದಾಗ, ಪಿಎನ್‌ಜಿ ಒಳ್ಳೆಯದೆಂದು ಯಾರೋ ಅಂದುದನ್ನು ಕೇಳಿ, ಸಣ್ಣ ಜೆಪೆಗನ್ನೇ ಪಿಎನ್‌ಜಿಯಾಗಿ ಮಾರ್ಪಡಿಸಿ, ಮೊದಲಿನದನ್ನು ಅಳಿಸಿದ್ದೆವು. ಪಿಎನ್‌ಜಿಯು ತನಗೆ ಒಪ್ಪಿಸಿದ್ದನ್ನು ಲೋಪವಿಲ್ಲದೆ ಕಾಯುತ್ತದೆ. ಒಪ್ಪಿಸುವ ಮೊದಲೇ ಲೋಪವಾಗಿದ್ದರೆ ಆ ಲೋಪವನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಮುದ್ರೆಯು ಜಾತಿಯನ್ನು ಹೇಳುತ್ತದೆ, ಚರಿತ್ರೆಯನ್ನು ಹೇಳುವದಿಲ್ಲ. ವಚನಗಳ ವಿಷಯದಲ್ಲಿಯೂ ಹಾಗೆಯೇ: ಬಸವಣ್ಣನವರ ಅಂಕಿತವನ್ನು ಇಟ್ಟು ಮುಂದಿನವರು ಬರೆದವುಗಳೂ ಉಂಟು, ಅಂಕಿತವನ್ನು ಕಂಡ ಮೇಲೆಯೂ ಪಂಡಿತರು ಭಾಷೆಯನ್ನೂ ಪ್ರತಿಯನ್ನೂ ಪರೀಕ್ಷಿಸುವದು ಅದಕ್ಕಾಗಿಯೇ. ಪಿಎನ್‌ಜಿಯ ಒಂದೊಂದು ಭಾಗದ ಕೊನೆಗೂ ನಾಲ್ಕು ಬೈಟುಗಳ ಒಂದು ತಾಳೆಯ ಅಂಕಿ ಇರುತ್ತದೆ. ನಮ್ಮ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೊನೆಗೆ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದಂತೆ ಅದು. ಆ ತಾಳೆಯೂ, ಕೈಗೆ ಬಂದ ಮೇಲೆ ಕೆಟ್ಟಿತೇ ಎಂಬದನ್ನು ಹೇಳೀತು. ಬರುವ ಮೊದಲು ಏನಾಗಿತ್ತೆಂಬದನ್ನು ಹೇಳದು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮನೆಯಲ್ಲಿ ಹಿರಿಯರ ಕೈಬರಹವಿದ್ದರೆ ಅದನ್ನು ಪಿಎನ್‌ಜಿಯಂಥ ಲೋಪವಿಲ್ಲದ ಪದ್ಧತಿಯಲ್ಲಿಯೇ ತೆಗೆಸಿರಿ, ಭಾರವೆಂದು ಬೇಸರಿಸಬೇಡಿರಿ. ಕಳಿಸಲು ಸಣ್ಣದು ಬೇಕಾದರೆ ಬೇರೊಂದು ಪ್ರತಿಯನ್ನು ಮಾಡಿರಿ, ಮೂಲವನ್ನು ಮುಟ್ಟಬೇಡಿರಿ. ಒಂದೇ ಕಡೆ ಇಡಬೇಡಿರಿ. ಹೆಸರು ಕಳೆದುಹೋದ ಫೈಲನ್ನು ಸತ್ತಿತೆಂದು ಅಳಿಸಬೇಡಿರಿ. ತಿಳಿದವರಿಗೆ ಮೊದಲಿನ ಅಂಕಿಗಳನ್ನು ತೋರಿಸಿರಿ. ಹಾಗೆಯೇ ಹೊರಗಿನ ಹೆಸರನ್ನಷ್ಟೇ ನಂಬಿ ಗುರುತಿಲ್ಲದವರಿಂದ ಫೋನಿಗೆ ಬಂದದ್ದನ್ನು ತೆರೆಯಬೇಡಿರಿ. ಮದುವೆಯ ಕರೆಯೋಲೆಯೆಂಬ ಹೆಸರಿನಲ್ಲಿ ಬಂದು, ಫೋನಿನೊಳಗೆ ನೆಲಸಿ ಹಣ ಕದಿಯುವ ಫೈಲುಗಳ ಮೋಸವು ಈಚೆಗೆ ನಡೆದಿದೆ.

ನಾಲ್ವತ್ತು ಪುಟಗಳೂ ಈಗ ಮೂರು ಕಡೆಯಲ್ಲಿವೆ: ನಮ್ಮಲ್ಲಿ, ಮುದ್ದೇಬಿಹಾಳದ ತಂಗಿಯಲ್ಲಿ, ವಿಜಯಪುರದಲ್ಲಿ ಅವಳ ಮಗಳಲ್ಲಿ. ಆ ಹದಿನಾಲ್ಕು ಪುಟಗಳ ಪದಗಳಿಗೆ ಊರ ಮಾತು ಯಾವುದೆಂದು ತಿಳಿಯಲು ನಾವು ಇಂಡಿಯ ಕಡೆಯ ಹಳೆಯ ಒಕ್ಕಲಿಗರನ್ನೂ ಮುತ್ತೈದೆಯರನ್ನೂ ಕೇಳಿ ಬರೆದುಕೊಳ್ಳುತ್ತಿದ್ದೇವೆ. ಈ ಸಲ ಅಡಿಗೆಮನೆಗೂ ಹೋಗಿ ಕೇಳುತ್ತಿದ್ದೇವೆ. ಬೇರೊಂದು ವಹಿಯಲ್ಲಿ, ನಮ್ಮದೇ ಶ್ರೀಕಾರದ ಕೆಳಗೆ, ನಮ್ಮ ಕೈಯಿಂದ ಅವನ್ನು ಬರೆಯುತ್ತೇವೆ. ತಾಯಿಯವರ ಅಂಚು ಮಾತ್ರ ಹೇಗಿದೆಯೋ ಹಾಗೆಯೇ ಇರಲಿ. ಅವರ ಹೆಸರಿನಿಂದ ಒಂದಕ್ಷರವನ್ನೂ ಅದರಲ್ಲಿ ನಾವು ಸೇರಿಸಲಾರೆವು.